ದೋಣಿ ಕದ್ದ ಕೇಸು

ಪೊಲೀಸಿನವನು ಸಮನ್ಸು ಚಾಚಿದಾಗ ಹಸೈನಾರ್ ಚಹಾದ ಗ್ಲಾಸನ್ನು ಕೆಳಗಿಡಲಿಲ್ಲ. ಉರಿದೆದ್ದವನು ಹೋಟೆಲಿನ ರುಕ್ಮಯ್ಯ.

“ಕಳವಾ? ಎಂಥ ಕಳವು?”

“ಪಂಚಾಯತಿನ ದೋಣಿ. ನೆರೆಯ ದಿನ ಬೀಗ ಒಡೆದು ತೆಗೆದದ್ದಂತೆ. ಸೋಮವಾರ ಬಂಟ್ವಾಳದ ಕೋರ್ಟಿಗೆ ಬರಬೇಕು.”

“ದೂರು ಕೊಟ್ಟದ್ದು ಯಾರು?”

“ಅದು ಇದರಲ್ಲಿ ಇಲ್ಲ” ಎಂದು ಪೊಲೀಸಿನವನು ಸೈಕಲ್ಲು ಹತ್ತಿದ.

ಕೇಳುವ ಅಗತ್ಯವೂ ರುಕ್ಮಯ್ಯನಿಗೆ ಇರಲಿಲ್ಲ. ಪಂಚಾಯತಿನ ದೋಣಿ ಎಂದ ಮೇಲೆ ಅಧ್ಯಕ್ಷ ಪದ್ಮಯ್ಯನಲ್ಲದೆ ಇನ್ಯಾರು?

ಕಡವಿನಪೇಟೆ ಬಂಟ್ವಾಳದಿಂದ ಎರಡು ಮೈಲು ಕೆಳಗೆ, ನೇತ್ರಾವತಿಯ ದಂಡೆಗೇ ಅಂಟಿಕೊಂಡ ಪೇಟೆ. ಅಲ್ಲಿ ಮನೆಗೆ ವರ್ಷಕ್ಕೆ ಎರಡು ರೂಪಾಯಿ ನೆರೆ ತೆರಿಗೆ. ಆ ಹಣದಲ್ಲಿ ಒಂದು ದೋಣಿ, ಮಳೆಗಾಲವಿಡೀ ಅದನ್ನು ಕಾಯಲು ಇಬ್ಬರು ಆಳು. ಅವರಲ್ಲಿ ಹಸೈನಾರ್ ಒಬ್ಬ. ಮೂರು ವರ್ಷ ನೆರೆ ಬರಲಿಲ್ಲ. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬಜೆಟ್ಟಿನ ಸಭೆಯಲ್ಲಿ ಪದ್ಮಯ್ಯ ಕೇಳಿದ: “ನೀರು ನೋಡಿಕೊಂಡು ಕೂತವರಿಗೆ ಸಂಬಳವಾ?” ಸದಸ್ಯರು ನಕ್ಕರು. ಇಬ್ಬರೂ ಕೆಲಸ ಕಳಕೊಂಡರು. ಒಬ್ಬ ಊರು ಬಿಟ್ಟ. ಹಸೈನಾರ್ ಮರಳು ಹೊರಲು ಹೋದ. ದೋಣಿ ಕೊಟ್ಟಿಗೆ ಸೇರಿತು, ಬಾಗಿಲಿಗೆ ಬೀಗ ಬಿತ್ತು. ಪಂಚಾಯತು ಕಚೇರಿಗೆ ರೇಡಿಯೊ ಬಂತು. ತೆರಿಗೆ ಮಾತ್ರ ಕಾಸಿನಷ್ಟೂ ಇಳಿಯಲಿಲ್ಲ.

ಮರುವರ್ಷದ ಆಟಿ ತಿಂಗಳ ಮಳೆಗೆ ಹೊಳೆ ಉಕ್ಕಿತು. ಬೆಳಗಾಗುವಾಗ ರುಕ್ಮಯ್ಯ ಹೆಂಡತಿ ಸೇಸಮ್ಮನೊಂದಿಗೆ ಹಂಚಿನ ಮಾಡು ಹತ್ತಿ ಕೂತಿದ್ದ. ಎದುರಿನ ಮಣ್ಣುಗೋಡೆಯ ಮನೆಯ ಮಾಡಿನಲ್ಲಿ ಅವನ ಅಕ್ಕ ಪೂವಮ್ಮ, ಒಬ್ಬಳೇ.

“ದೋಣಿ ಬರ್ತದಾ ತಮ್ಮಾ?”

“ಬರ್ತದೆ ಅಕ್ಕಾ, ಗಟ್ಟಿ ಹಿಡ್ಕೊ!”

ದೋಣಿ ಬಂತು. ಹಸೈನಾರ್ ಒಬ್ಬನೇ ಹುಟ್ಟು ಹಾಕುತ್ತಿದ್ದ. ಆದರೆ ಅಷ್ಟರಲ್ಲಿ ಎದುರಿಗೆ ಮಾಡೇ ಇರಲಿಲ್ಲ. ಆ ಬೆಳಗ್ಗೆ ಅವನು ಹನ್ನೊಂದು ಮಂದಿಯನ್ನು ದಡ ಮುಟ್ಟಿಸಿದ. ಪೂವಮ್ಮ ಸಿಕ್ಕಿದ್ದು ಮೂರನೆಯ ದಿನ, ಬಿದಿರ ಮೆಳೆಯಲ್ಲಿ.

ತಿಂಗಳು ಕಳೆದು ಮಂಗಳೂರಿನಲ್ಲಿ ಪದ್ಮಯ್ಯನಿಗೆ ಹಾರ ಹಾಕಿದರು. ಅವನು ಸರಕಾರಕ್ಕೆ ಕಳಿಸಿದ ವರದಿಯನ್ನು ಕಚೇರಿಯ ಗೋಡೆಗೂ ಅಂಟಿಸಿದ್ದ: ‘ಪಂಚಾಯತಿನ ಇಬ್ಬರು ದೋಣಿಯಾಳುಗಳು ಕರ್ತವ್ಯದಲ್ಲಿದ್ದು ಹನ್ನೊಂದು ಜೀವ ಉಳಿಸಿದರು. ಪೂವಮ್ಮ ಎಂಬ ಮುದುಕಿ ಕರೆದರೂ ದೋಣಿ ಹತ್ತಲಿಲ್ಲ.’

ರುಕ್ಮಯ್ಯ ಅದನ್ನು ಓದಿದವನೇ ಹಸೈನಾರನ ಕೈ ಹಿಡಿದು ಎಳೆದುಕೊಂಡು ಒಳನುಗ್ಗಿದ. “ನನ್ನ ಅಕ್ಕ ಕರೆದರೂ ಬರಲಿಲ್ಲವಾ? ಯಾವ ಬಾಯಿಯಲ್ಲಿ ಹೇಳ್ತೀರಿ ನೀವು?”

“ಕಾಗದದಲ್ಲಿ ಹಾಗೆ ಉಂಟು” ಎಂದ ಪದ್ಮಯ್ಯ, ರೇಡಿಯೊದ ಕಿವಿ ತಿರುಗಿಸುತ್ತ. “ನಿನ್ನ ಹತ್ತಿರ ಬೇರೆ ಕಾಗದ ಇದ್ದರೆ ತೆಗೆದುಕೊಂಡು ಬಾ.”

ಪೊಲೀಸು ಠಾಣೆಯಲ್ಲಿ ಅಧ್ಯಕ್ಷರ ಮೇಲಿನ ದೂರನ್ನು ಮುಟ್ಟಲೂ ಇಲ್ಲ. ಮರಳುವ ದಾರಿಯಲ್ಲಿ ಹಸೈನಾರ್ ಒಂದೇ ಮಾತು ಕೇಳಿದ್ದ: “ಕೋರ್ಟಿನಲ್ಲಿ ಹೇಳಿದ್ದನ್ನು ಬರೆದಿಡ್ತಾರಾ, ರುಕ್ಮಯ್ಯಣ್ಣ?”

“ಬರೀತಾರೆ. ಆದರೆ ನಮ್ಮನ್ನು ಅಲ್ಲಿಯವರೆಗೆ ಬಿಡುವುದು ಯಾರು ಮಾರಾಯ?”

ಈಗ ಹಸೈನಾರನ ಮೇಲೇ ಕೇಸು. ಸಮನ್ಸು ಬಂದ ಸಂಜೆಯೇ ರುಕ್ಮಯ್ಯ ಪದ್ಮಯ್ಯನನ್ನು ಪೇಟೆಯ ನಡುವೆ ತಡೆದ.

“ಸತ್ತವಳ ಮೇಲೆ ಸುಳ್ಳು ಹೇಳಿದ್ದು ಸಾಕಾಗಲಿಲ್ಲವಾ?”

“ನಾನು ಕೊಟ್ಟದ್ದಲ್ಲ!” ಪದ್ಮಯ್ಯನ ಮುಖ ಬಿಳುಚಿತ್ತು. “ಆ ಕೇಸು ನನಗೇ ಬೇಡ ಮಾರಾಯ. ನನಗೂ ಸಾಕ್ಷಿಗೆ ಬರಲು ಹೇಳಿದ್ದಾರೆ.”

ರುಕ್ಮಯ್ಯ ಅವನ ಕಾಲಬುಡಕ್ಕೆ ಉಗಿದ.

ಸೋಮವಾರ ಕಡವಿನಪೇಟೆಯ ಅರ್ಧ ಊರು ಕೋರ್ಟಿನಲ್ಲಿತ್ತು. ಮ್ಯಾಜಿಸ್ಟ್ರೇಟರು ದೂರನ್ನು ಓದಿದರು: ‘ಬೆಳಗ್ಗೆ ಆರು ಗಂಟೆಗೆ ಕೊಟ್ಟಿಗೆಯ ಬೀಗವನ್ನು ಕೊಡಲಿಯ ಮೂರು ಏಟಿಗೆ ಒಡೆದು...’ ಹಸೈನಾರ್ ಎಲ್ಲಕ್ಕೂ ತಲೆಯಾಡಿಸಿದ. ಪದ್ಮಯ್ಯನಿಂದ ಪ್ರಮಾಣ ಮಾಡಿಸಿದರು.

“ಈತ ನಿಮ್ಮ ನೌಕರನೇ?”

“ಹೌದು ಸ್ವಾಮಿ. ವರದಿಯಲ್ಲಿ ಉಂಟು” ಎಂದು ಪದ್ಮಯ್ಯ ಅದರ ಪ್ರತಿ ಕೊಟ್ಟ.

“ಹಾಗಾದರೆ ಕೀಲಿಕೈ ಕೊಡದೆ ಕೊಡಲಿಯಲ್ಲಿ ಒಡೆಯುವಂತೆ ಮಾಡಿದ್ದೇಕೆ? ಇವನಿಗೆ ಸಂಬಳ ಕೊಟ್ಟ ರಶೀದಿ ಎಲ್ಲಿ?”

ಪದ್ಮಯ್ಯ ಕರವಸ್ತ್ರ ತೆಗೆದ. “ನೌಕರ... ಅಲ್ಲ ಸ್ವಾಮಿ. ಹಿಂದಿನ ವರ್ಷವೇ ತೆಗೆದದ್ದು.”

“ನೆರೆಯ ದಿನ ದೋಣಿಗೆ ಯಾರಿದ್ದರು?”

“ಯಾರೂ ಇರಲಿಲ್ಲ.”

“ಪೂವಮ್ಮನನ್ನು ಕರೆದವರು?”

“ಯಾರೂ... ಕರೆಯಲಿಲ್ಲ.”

ಮ್ಯಾಜಿಸ್ಟ್ರೇಟರು ಒಂದೊಂದು ಮಾತನ್ನೂ ಬರೆದುಕೊಂಡು, ಪದ್ಮಯ್ಯನಿಂದ ಸಹಿ ಹಾಕಿಸಿದರು. ಜೀವ ಉಳಿಸಲು ತೆಗೆದ ದೋಣಿ ಕಳವಲ್ಲ ಎಂದು ಹೇಳಿ ಹಸೈನಾರನನ್ನು ಬಿಟ್ಟರು. ಹೇಳಿಕೆಯ ಪ್ರತಿಯನ್ನು ಕಲೆಕ್ಟರಿಗೆ ಕಳಿಸಲು ಆಜ್ಞೆ ಮಾಡಿದರು.

ರುಕ್ಮಯ್ಯನಿಗೆ ಅಷ್ಟು ಸಾಲಲಿಲ್ಲ. ಎದ್ದು ನಿಂತು ಪದ್ಮಯ್ಯನತ್ತ ಬೆರಳು ಚಾಚಿದ. “ಸ್ವಾಮೀ, ಹನ್ನೊಂದು ಜೀವ ಉಳಿಸಿದವನನ್ನು ಕಳ್ಳ ಅಂತ ಬರೆದುಕೊಟ್ಟ ಈ ಮನುಷ್ಯನಿಗೆ ಏನೂ ಇಲ್ಲವಾ?”

ಮ್ಯಾಜಿಸ್ಟ್ರೇಟರು ದೂರಿನ ಕಾಗದವನ್ನು ಗುಮಾಸ್ತರ ಕೈಗೆ ಕೊಟ್ಟರು. “ಕೊನೆಯ ಸಾಲು ಓದಿ.”

ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಓದಿದರು: “ಫಿರ್ಯಾದಿ, ಕಡವಿನಪೇಟೆಯ ದೋಣಿಯಾಳು ಹಸೈನಾರ್. ಎಡಗೈ ಹೆಬ್ಬೆಟ್ಟು.”