ಸಾಲು ಗುಂಡಿಯ ತೋಳು

ಗ್ಯಾಸ್ ಸಿಲಿಂಡರ್ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದವನ ಮುಂದೆ ಪುಟ್ಟಿ ಬಂದು ನಿಂತಳು. ಅಂಗಿಯ ತೋಳುಗಳನ್ನು ಮೊಣಕೈ ಮೇಲಕ್ಕೆ ಸರಿಸಿ, ಎರಡೂ ಕೈ ಚಾಚಿ, ಹಿಂದೆ ಮುಂದೆ ತಿರುಗಿಸಿ ತೋರಿಸಿದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. "ಕೈ ತೊಳ್ಕೊಂಡ್ಯಾ? ಭೇಷ್!" ಎಂದು ನಕ್ಕು ಹೋದ.

ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಮ್ಮನ ಕಾಲು ನಿಂತಿತು. "ಅವರಿಗ್ಯಾಕೆ ತೋರಿಸಿದ್ಯೇ?"

"ಮನೆಗೆ ಬಂದವರಿಗೆ ತೋರಿಸ್ಬೇಕಲ್ವಾ?"

ಪುಟ್ಟಿಗೆ ಹೊಡೆದವನು ಮಲತಂದೆ. ದೂರು ಕೊಟ್ಟವರು ಯಾರೋ, ಕೊಟ್ಟದ್ದು ಒಳ್ಳೆಯದೇ ಆಯಿತು. ಅಮ್ಮ ಅವನನ್ನು ಅಂದೇ ಹೊರಹಾಕಿದಳು. ಆದರೂ 'ವಿಚಾರಣೆ ಮುಗಿಯಲಿ' ಎಂದು ಮಗಳನ್ನು ಸರ್ಕಾರಿ ಬಾಲಮಂದಿರಕ್ಕೆ ಕರೆದೊಯ್ದರು. ಇಡೀ ಮಳೆಗಾಲ ಕಳೆದ ಮೇಲೆ ಪುಟ್ಟಿ ಮರಳಿದಳು. ಈಗ ಮಕ್ಕಳ ರಕ್ಷಣಾ ಅಧಿಕಾರಿ ವಾರವಾರ ಬಂದು, ಅವಳ ತೋಳು ಸರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಏನೂ ಇಲ್ಲ. ಆದ್ರೂ ಮುಂದಿನ ವಾರ ಬರ್ತೀನಿ" ಎಂದು ಹೋಗುತ್ತಿದ್ದರು. ಆಕೆಗೆ ಅನುಮಾನ ಬಂದರೆ ಪುಟ್ಟಿ ಮತ್ತೆ ಬಾಲಮಂದಿರಕ್ಕೆ.

ಅಮ್ಮ ಗಿರಾಕಿಯ ಕೋಟನ್ನು ಪಕ್ಕಕ್ಕೆ ತಳ್ಳಿ ಕತ್ತರಿ ಎತ್ತಿಕೊಂಡಳು. ಮಗಳಿಗೊಂದು ತುಂಬುತೋಳಿನ ಅಂಗಿ. ಮಣಿಕಟ್ಟಿನಿಂದ ಮೊಣಕೈವರೆಗೆ ಒತ್ತೊತ್ತಾಗಿ ಗುಂಡಿ, ಬಿಗಿಯಾದ ಕಾಜಾ. "ನಿಂಗೆ ಬೇಕಾದ್ರೆ ಮಾತ್ರ ಬಿಚ್ಚು, ತಿಳೀತಾ?"

"ಇದೇನಮ್ಮ, ಕೋಟೆ ಬಾಗಿಲಾ?" ಮುಂದಿನ ವಾರ ಬಂದ ಅಧಿಕಾರಿ ಗುಂಡಿಗೆ ಕೈ ಹಾಕಿದರು.

"ಅವಳನ್ನ ಕೇಳಿ ಬಿಚ್ಚಿ, ಮೇಡಂ."

"ಏನೋ ಮುಚ್ಚಿಡ್ತಿದ್ದೀರಿ ಅಂತ ಬರೀಬೇಕಾಗುತ್ತೆ."

"ಬರ್ಕೊಳ್ಳಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಹೊಡೆದವನ ತೋಳನ್ನ ಯಾರಾದ್ರೂ ಒಂದ್ಸಲ ಸರಿಸಿ ನೋಡಿದ್ರಾ?" ಅಮ್ಮ ಸೂಜಿ ಎತ್ತಿಕೊಂಡಳು.

ಅಧಿಕಾರಿ ಪೆನ್ನು ತೆಗೆದರು. ಏನೂ ಬರೆಯದೆ ಮತ್ತೆ ಮುಚ್ಚಿಟ್ಟರು. "ತೋರಿಸ್ತೀಯಾ, ಪುಟ್ಟಿ?"

ಪುಟ್ಟಿ ಅಮ್ಮನತ್ತ ನೋಡಿದಳು. ಅಮ್ಮ ಬೇಕೆಂದೇ ತಲೆ ಎತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಮೊದ್ಲು ನೀವು."

ನಗಬೇಕೋ ಬೇಡವೋ ತಿಳಿಯದೆ ಅಧಿಕಾರಿ ತೋಳು ಸರಿಸಿ ಕೈ ಚಾಚಿದರು. ಪುಟ್ಟಿ ಆ ಕೈಯನ್ನು ಕಿಟಕಿಯ ಬಳಿಗೆ ಎಳೆದೊಯ್ದು, ಹಿಂದೆ ಮುಂದೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ತನ್ನ ಗುಂಡಿಗಳೆಲ್ಲ ಭದ್ರವಾಗಿವೆಯೇ ಎಂದು ತಡವಿಕೊಂಡು ಹೇಳಿದಳು:

"ಏನೂ ಇಲ್ಲ. ಆದ್ರೂ ಮುಂದಿನ ವಾರ ನಿಮ್ಮನೆಗೆ ಬರ್ತೀನಿ."