ನಾಟಕದ ಕತ್ತಿ

ಹುಟ್ಟುಹಬ್ಬದ ಕೇಕನ್ನು ಮಾರುದ್ದದ ಕತ್ತಿಯಲ್ಲಿ ಕತ್ತರಿಸಿ, ಆ ವಿಡಿಯೋವನ್ನು ಊರಿಗೆಲ್ಲ ಹಂಚಿದ ತಪ್ಪಿಗೆ ಏರಿಯಾದ ಯುವ ನಾಯಕರು ಪೊಲೀಸ್ ಠಾಣೆಯ ಬೆಂಚಿನ ಮೇಲೆ ವಿರಾಜಮಾನರಾಗಿದ್ದರು. ಕೇಸಾದರೆ ಈ ಸಲದ ವಾರ್ಡಿನ ಟಿಕೆಟ್ಟಿಗೆ ಎಳ್ಳುನೀರು ಬಿಟ್ಟಂತೆಯೇ.

"ಇದು ನಾಟಕದ ಕತ್ತಿ ಸಾರ್, ಬರೀ ತಗಡು. ನಾನು ಒಂದು ಇರುವೇನೂ ಸಾಯಿಸಿದೋನಲ್ಲ."

"ಹಂಗಾದ್ರೆ ಹೇಳಿಕೆಗೆ ಸಹಿ ಹಾಕಿ ಮನೆಗೆ ಹೋಗಿ," ಎಂದ ಇನ್ಸ್‌ಪೆಕ್ಟರ್ ಕತ್ತಿಯನ್ನು ತಿರುಗಿಸಿ ನೋಡಿದರು. "ಅಲ್ಲಾ, ಅಲಗಿನ ಮಧ್ಯೆ ಈ ಕಾಲುವೆ ಯಾಕೆ? ರಕ್ತ ಹರಿದುಹೋಗೋಕಂತೆ, ಹೌದಾ?"

ನಾಯಕರಿಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ಈ ಮನುಷ್ಯ ಕಲಿತದ್ದು ಇಷ್ಟೇನಾ?

"ಅಯ್ಯೋ ಸಾರ್, ರಕ್ತಕ್ಕೆ ಕಾಲುವೆ ಯಾಕೆ, ಅದು ತಾನಾಗೇ ಹರಿಯುತ್ತೆ. ಇದು ತೂಕ ಇಳಿಸೋಕೆ. ಕಬ್ಬಿಣ ಕಮ್ಮಿಯಾದ್ರೂ ಅಲಗು ಬಗ್ಗಲ್ಲ. ನನ್ನ ಹಳೇ ಕತ್ತಿಗೆ ಇದು ಇರ್ಲಿಲ್ಲ. ಇಬ್ಬರಿಗೇ ಕೈ ಸೋತುಹೋಯ್ತು, ಮೂರನೆಯವನು ತಪ್ಪಿಸ್ಕೊಂಡ್ಬಿಟ್ಟ."

ಇನ್ಸ್‌ಪೆಕ್ಟರ್ ಶಿಷ್ಯನಂತೆ ತಲೆದೂಗಿ, ಪಕ್ಕದ ಮೇಜಿನಲ್ಲಿ ಹೇಳಿಕೆ ಬರೆಯುತ್ತಿದ್ದ ಪೇದೆಯ ಕಡೆ ತಿರುಗಿದರು.

"ನಾಟಕದ ಕತ್ತಿ ಅಂತ ಬರೆದಿದ್ದೀಯಲ್ಲ, ಅದನ್ನ ಹೊಡೆದುಹಾಕಪ್ಪ. ಮೊದಲಿನ ಇಬ್ಬರು ಯಾರು ಅಂತ ಕೇಳಿ ಬರ್ಕೋ."