ಮೂರನೇ ಮಹಡಿ

ಹಳೇ ಪೇಟೆಯಲ್ಲಿ ಪಾರ್ಶ್ವನಾಥಯ್ಯ, ಚೌಡಪ್ಪ ಇಬ್ಬರದೂ ಎದುರುಬದುರು ಪಾತ್ರೆ ಅಂಗಡಿ. ಮದುವೆ ಮನೆಯ ಗಿರಾಕಿಯೊಬ್ಬರಿಗಾಗಿ ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಪೇಟೆಯನ್ನು ಹೊಸದು ಮಾಡುತ್ತೇವೆಂದು ನಗರಸಭೆಯವರು ಆ ಅಂಗಡಿಗಳನ್ನೆಲ್ಲ ಕೆಡವಿ, ಎಲ್ಲರಿಗೂ ಹೊಸ ಕಾಂಪ್ಲೆಕ್ಸಿನಲ್ಲಿ ಮಳಿಗೆ ಕೊಟ್ಟರು. ಪಾರ್ಶ್ವನಾಥಯ್ಯನವರಿಗೆ ಸಿಕ್ಕಿದ್ದು ಮೂರನೇ ಮಹಡಿ. ಅಲ್ಲಿಗೆ ಗಿರಾಕಿಗಳು ಹತ್ತಿ ಬರಲಿಲ್ಲ. ಒರೆಸಿದ ಪಾತ್ರೆಗಳನ್ನೇ ಮತ್ತೆ ಒರೆಸುತ್ತ, ಮಾತಿಗೆ ಒಬ್ಬರೂ ಇಲ್ಲದೆ ಅವರು ದಿನ ದೂಡುತ್ತಿದ್ದರು.

ಒಂದು ಮಧ್ಯಾಹ್ನ ಚೌಡಪ್ಪ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತರು.

"ಏನು ಬೇಕಿತ್ತು?" ಪಾರ್ಶ್ವನಾಥಯ್ಯನವರ ದನಿ ಬಿಗಿಯಾಗಿತ್ತು.

"ನನಗೆ ಕೆಳಗೆ, ರಸ್ತೆ ಬದಿಗೇ ಮಳಿಗೆ ಸಿಕ್ಕಿದೆ. ವ್ಯಾಪಾರ ಜೋರಾಗಿದೆ."

"ಅದನ್ನ ಹೇಳೋಕೆ ಇಷ್ಟು ಮೆಟ್ಟಿಲು ಹತ್ತಿ ಬಂದ್ರಾ?"

"ಇಲ್ಲ. ಅರ್ಧ ಜಾಗ ಖಾಲಿ ಮಾಡಿಟ್ಟಿದ್ದೀನಿ. ಪಾತ್ರೆ ಇಳಿಸೋಣ, ನಡೀರಿ."